ಮಡಚಿದ ಹೆಬ್ಬೆರಳು

ಊಟಕ್ಕೆ ಕೂತವನ ಎಡಗೈಗೆ ಕೆಲಸವಿಲ್ಲ. ಅದು ತೊಡೆಯ ಮೇಲೆ ಬಿದ್ದಿರುತ್ತದೆ, ಇದೆಯೆಂಬುದೇ ಮರೆತುಹೋಗಿರುತ್ತದೆ. ಈವತ್ತು ಬೆಳಿಗ್ಗೆ ಮಾತ್ರ ಕಾಡಪ್ಪನಿಗೆ ತಾಟಿನೊಳಗಿನ ರೊಟ್ಟಿಯಾಗಲಿ ಝುಣಕವಾಗಲಿ ಕಾಣಲೇ ಇಲ್ಲ, ತೊಡೆಯ ಮೇಲಿನ ಆ ಕೈಯೊಂದೇ ಕಂಡಿತು. ಅಗಲ ಅಂಗೈ, ದಪ್ಪ ಬೆರಳು, ಗಿಡ್ಡ ಹೆಬ್ಬೆರಳು. ಪೈಲವಾನರ ಮನೆತನದ ಕೈ. ಹುಡುಗನಾಗಿದ್ದಾಗ ಗರಡಿಮನೆಯ ಕೆಮ್ಮಣ್ಣು ಹೊಕ್ಕ ಉಗುರುಸಂದಿ ಎಷ್ಟು ತಿಕ್ಕಿದರೂ ಬೆಳ್ಳಗಾಗುತ್ತಿರಲಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಬಲಗೈ ಹೆಬ್ಬೆರಳು ಹೇಳುವುದಕ್ಕೆ ಮೊದಲೇ ಮಡಚಿಕೊಳ್ಳುತ್ತಿತ್ತು, ಅದಕ್ಕೆ ವರ್ಷಗಟ್ಟಲೆಯ ರೂಢಿ. ಎಡಗೈಯದು ಹೊಸ ಆಳಿನಂತೆ ತಡಮಾಡುತ್ತಿತ್ತು. ಒಲೆಯ ಮುಂದಿನಿಂದ ಭೀಮವ್ವ ನೋಡುತ್ತಲೇ ಇದ್ದಳು. "ಏನ್ರಿ ಅದು, ಕೈಯಾಗ ಮುಳ್ಳ ನಟ್ಟೇದೇನು?" ಎಂದಳು. "ಏನಿಲ್ಲ" ಎಂದ. "ಏನಿಲ್ಲ ಅಂದ್ರ ರೊಟ್ಟಿ ಯಾಕ ಹಂಗ ಕೂತದ? ಇವತ್ತ ಏನ ಪಾತ್ರ?" "ಪಾಟೀಲಂದು. ನಿನ್ನಿದ ಅದ." ಅವಳು ಎದ್ದು ಗೂಟದಿಂದ ಉಣ್ಣೆಯ ಕೋಟು ತಂದು ಹೊಸ್ತಿಲಲ್ಲಿಟ್ಟಳು. ಥಂಡಿ ಭಾಳ ಅದ, ಹಾಕ್ಕೊಂಡು ಹೋಗ್ರಿ ಎಂದಳು. ಆ ಕೋಟು ಪಿಕ್ಚರಿನ ಡೈರೆಕ್ಟರ್ ಮಾರ್ತಾಂಡರಾಯರು ಕೊಟ್ಟದ್ದು. ಯಾಕೆ ಕೊಟ್ಟರೆಂದು ಭೀಮವ್ವನಿಗೆ ಗೊತ್ತಿಲ್ಲ. ವಾಡೆಯ ನಳದ ಹತ್ತಿರ ನೆರೆಯ ಹೆಂಗಸರಿಗೆ ಅದನ್ನು ಮರಾಠಿಯಲ್ಲಿ ವರ್ಣಿಸಿ ವರ್ಣಿಸಿ ಅವಳಿಗೆ ದಣಿವೇ ಇರಲಿಲ್ಲ. ಕಾಡಪ್ಪ ಕೋಟು ಹಾಕಿಕೊಂಡು ಸದಾಶಿವ ಪೇಠೆಯ ಸಂದಿಯಿಂದ ಹೊರಬಿದ್ದ.

ಎಡಗೈಯೆಂದು ಹೇಳಿದ್ದು ನಿನ್ನೆ ಸಂಜೆ. ಮಾರ್ತಾಂಡರಾಯರು ಮಾತಾಡುವುದು ಮರಾಠಿ. ತಾಯಿಯ ತವರು ಬೆಳಗಾವಿಯ ಕಡೆ, ಅಲ್ಲಿಂದ ಬಂದ ಕನ್ನಡವನ್ನು ಅವರು ಬೈಯುವುದಕ್ಕೆಂದೇ ಎತ್ತಿಟ್ಟುಕೊಂಡಿದ್ದರು. ಸ್ಟುಡಿಯೋದಲ್ಲಿದ್ದ ಕನ್ನಡದ ನಟರಿಗೆ ಅದೊಂದು ವಿಶೇಷ ಮರ್ಯಾದೆ. ಮರಾಠಿಯಲ್ಲಿ ಬೈಸಿಕೊಂಡವರು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು, ಕನ್ನಡದಲ್ಲಿ ಬೈಸಿಕೊಂಡವರಿಗೆ ಅದು ಅವ್ವನ ಭಾಷೆಯಾದ್ದರಿಂದ ಹೊಟ್ಟೆಯೊಳಗೆ ಹೋಗಿ ಕೂಡುತ್ತಿತ್ತು. "ಬಲಗೈ ಬ್ಯಾಡೋ ಕಾನಡ್ಯಾ, ಈ ಸಲ ಎಡಗೈಲೆ ಹೊಡಿ. ಪಾಟೀಲ ತಮ್ಮನ ಹೆಂಡ್ತಿಗೆ ಎಡಗೈಲೆ ಹೊಡದಾ ಅಂದ್ರ ಅಪಮಾನ ಇನ್ನೂ ಖಾರ ಆಗತದ" ಎಂದಿದ್ದರು. ಕನ್ನಡದವರನ್ನು ಅವರು ಹೀಯಾಳಿಸಿ ಕರೆಯುತ್ತಿದ್ದದ್ದೇ ಕಾನಡ್ಯಾ ಎಂದು. ಆಮೇಲೆ ಭುಜದ ಮೇಲೆ ಕೈಹಾಕಿ ಆಚೆ ಕರೆದುಕೊಂಡು ಹೋಗಿ, ಬಾಯಿಂದ ಸಿಗರೇಟಿನ ವಾಸನೆ ಬರುತ್ತಿರಲು, ಮೆತ್ತಗೆ ಹೇಳಿದ್ದರು: "ಕೆನ್ನಿ ಮ್ಯಾಲೆ ಅಲ್ಲ, ಕಿವಿ ಮ್ಯಾಲೆ ಬೀಳಲಿ. ತಲಿ ಝುಮ್ಮ ಅಂದಾಗ ಬರೂ ಕಣ್ಣೀರಿನ ಬೆಡಗ ಬ್ಯಾರೆ. ಆಕಿಗೆ ಹೇಳಬ್ಯಾಡ ಮತ್ತ." ಅವರು ಬೈಯುವುದಕ್ಕಿಂತ ಹೀಗೆ ಮೆತ್ತಗೆ ಮಾತಾಡುವುದೇ ಕಾಡಪ್ಪನಿಗೆ ಹೆಚ್ಚು ಭಯ. ಹೂಂ ಎಂದುಬಿಟ್ಟಿದ್ದ. ಆ ಹೂಂ ಇಡೀ ರಾತ್ರಿ ಅವನ ಎದೆಯ ಮೇಲೆ ಕೂತಿತ್ತು.

ಎಡಗೈಯ ಹೊಡೆತ ಬೀಳುವುದು ಎದುರಿಗಿದ್ದವರ ಬಲಕಿವಿಗೆ. ತಮ್ಮನ ಹೆಂಡತಿಯ ಪಾತ್ರದ ನಾಗವ್ವನಿಗೆ ಉಳಿದಿರುವುದು ಅದೊಂದೇ ಕಿವಿ. ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾಗವ್ವ. ಇನ್ನೊಬ್ಬ, ಎಡಗಿವಿಯನ್ನು ತೆಗೆದವನು.

ಲಕಡಿ ಪುಲಿನ ಮೇಲೆ ಸೈಕಲ್ಲುಗಳು, ಟಾಂಗಾಗಳು. ಮುಠಾ ಹೊಳೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳ ಮೇಲೆ ಬಟ್ಟೆ ಒಣಹಾಕಿದ್ದರು. ಯಾರೋ ಶಾಲೆಯ ಮಾಸ್ತರು ಕಾಡಪ್ಪನ ಗುರುತು ಹಿಡಿದು, ತಲೆಯಿಂದ ಕಾಲಿನವರೆಗೆ ನೋಡಿ, ಮರಾಠಿಯಲ್ಲಿ ಹೆಂಡತಿಗೆ "ಅವನೇ ನೋಡು, ಪಿಕ್ಚರಿನ ಆ ದುಷ್ಟ" ಎಂದರು. ಹೆಂಡತಿ ಸೆರಗು ಸರಿಮಾಡಿಕೊಂಡು ಆಚೆ ಸರಿದಳು. ಕಂಪನಿ ನಾಟಕದಲ್ಲಿದ್ದಾಗ ಇಂಥದ್ದು ಅವನಿಗೆ ಬಹುಮಾನವಾಗಿತ್ತು. ಬೈಲಹೊಂಗಲದಲ್ಲಿ ಒಬ್ಬ ಮುದುಕಿ ಪರದೆಯ ಹಿಂದೆ ಪೊರಕೆ ಹಿಡಿದುಕೊಂಡೇ ಬಂದಿದ್ದಳು, ಆ ಹೆಣ್ಣುಮಗಳನ್ನು ಹೊಡೆದವ ಎಲ್ಲಿ ತೋರಿಸ್ರಿ ಎಂದು. ಆಗ ನಾಗವ್ವ ಅವನ ಮಗ್ಗುಲಲ್ಲೇ ಕೂತು ಅವನ ಪುಡಿಕೆಯಿಂದ ಚುರುಮುರಿ ತಿನ್ನುತ್ತಿದ್ದಳು. "ಅಜ್ಜಿ, ನಮ್ಮಣ್ಣಗ ಯಾಕ ಹೊಡೀತಿ, ಬಾ ಚುರುಮುರಿ ತಿನ್ನು" ಎಂದು ಅವಳು ನಕ್ಕದ್ದು ಕಾಡಪ್ಪನಿಗೆ ಸೇತುವೆಯ ಮೇಲೆ ನಿಚ್ಚಳವಾಗಿ ಕೇಳಿಸಿತು. ಈಗ ಆ ಕಂಪನಿಯಿಲ್ಲ. ಮಾತಾಡುವ ಸಿನಿಮಾ, ಬೋಲಪಟ, ಬಂದ ಮೇಲೆ ಪರದೆಗಳನ್ನು ಮಾರಿ ಮಾಲೀಕ ಕಿರಾಣಿ ಅಂಗಡಿ ಹಾಕಿದ. ಪುಣೆಯ ಈ ಸ್ಟುಡಿಯೋದಿಂದ ಹೊರಬಿದ್ದರೆ ಇಬ್ಬರಿಗೂ ತಿರುಗಿ ಹೋಗಲು ಜಾಗವಿಲ್ಲ.

ಕಂಪನಿಯಲ್ಲಿ ಹೊಡೆತಕ್ಕೊಂದು ಪದ್ಧತಿಯಿತ್ತು. ಹೊಡೆಯುವವನು ಕೈಯೆತ್ತಿದಾಗ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ತೋರಿಸಬೇಕು. ಸುಳ್ಳು ಹೊಡೆತ, ಹೆದರಬ್ಯಾಡ ಎಂಬ ಮಾತು ಅದು. ಕೈ ಮುಖದ ಮುಂದೆ ಹಾದುಹೋಗುವ ಗಳಿಗೆಗೆ ಹೊಡೆಸಿಕೊಳ್ಳುವವರು ಸೊಂಟದ ಹತ್ತಿರ ಸೆರಗಿನ ಮರೆಯಲ್ಲಿ ತಮ್ಮ ಅಂಗೈಗೆ ಅಂಗೈ ಬಾರಿಸಿ, ಮುಖ ತಿರುಗಿಸಿಬಿಡಬೇಕು. ಹೊಡೆತದ ಸದ್ದು ಹೊಡೆಸಿಕೊಂಡವರ ಕೈಯಲ್ಲೇ ಹುಟ್ಟುತ್ತಿತ್ತು. ಹಾಗೆ ಅವನು ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಸಾಂಗ್ಲಿಯಲ್ಲಿ ನಾಗವ್ವನನ್ನು ಎಷ್ಟು ರಾತ್ರಿ ಹೊಡೆದಿದ್ದಾನೋ, ಅವಳ ಮುಖದ ಪೌಡರು ಒಮ್ಮೆಯೂ ಅವನ ಬೆರಳಿಗೆ ಹತ್ತಿರಲಿಲ್ಲ. ಹೋದ ಪಿಕ್ಚರಿನಲ್ಲೂ ಹಾಗೆಯೇ ಕೈಯೆತ್ತಿದ್ದ. ಖರೇನ ಹೊಡಿ, ಆಕಿಗೆ ಹೇಳಬ್ಯಾಡ ಎಂದು ಮಾರ್ತಾಂಡರಾಯರು ಅಂದೂ ಕಿವಿಯಲ್ಲಿ ಹೇಳಿದ್ದರು. ಕೈ ಮೇಲೆ ಹೋಯಿತು, ಹೆಬ್ಬೆರಳು ಮಡಚಿತು. ನಾಗವ್ವ ಅದನ್ನು ನೋಡಿ ಮುಖ ಸಡಿಲ ಬಿಟ್ಟಳು. ಕೈ ಇಳಿಯುವಾಗ ಹೆಬ್ಬೆರಳು ಬಿಚ್ಚಿಕೊಂಡಿತ್ತು. ಅವಳ ಚಪ್ಪಾಳೆಯ ಸದ್ದು, ಅವಳ ಕಿವಿಯ ಮೇಲೆ ಬಿದ್ದ ಅವನ ಕೈಯ ಸದ್ದು, ಎರಡೂ ಒಂದೇ ಆಗಿ ಕೇಳಿದವು. ಎಂಥಾ ಆವಾಜ್ ಬಂತಪ್ಪಾ ಎಂದು ಮಾರ್ತಾಂಡರಾಯರು ಕುಣಿದಾಡಿದರು. ಮರುದಿನ ಕೋಟು ಬಂತು. ರೂಢಿಯಿಂದ ಮಡಚಿತೋ, ಅವಳು ಮೈಮರೆಯಲಿ ಎಂದು ತಾನೇ ಮಡಚಿದೆನೋ? ಇದನ್ನು ಕಾಡಪ್ಪ ತನ್ನನ್ನು ತಾನು ಎಷ್ಟು ಸಲ ಕೇಳಿಕೊಂಡಿದ್ದಾನೆಂಬುದು ಅವನಿಗೇ ಗೊತ್ತಿಲ್ಲ. ಒಂದು ಮಾತ್ರ ಗೊತ್ತು, ಮಾರ್ತಾಂಡರಾಯರು ಬೆನ್ನು ತಟ್ಟಿದಾಗ ಅವನಿಗೆ ಖುಷಿಯಾಗಿತ್ತು. ನಾಯಿಗೆ ಆಗುವಂಥ ಖುಷಿ.

ಕಿವಿ ಹೋದದ್ದನ್ನು ನಾಗವ್ವ ಯಾರಿಗೂ ಹೇಳಲಿಲ್ಲ. ಆಗಿನ್ನೂ ನಟಿಯರು ಕ್ಯಾಮೆರಾದ ಮುಂದೆ ನಿಂತೇ ಹಾಡಬೇಕಿತ್ತು. ಹಾರ್ಮೋನಿಯಂ ಪೇಟಿಯವನು ಮರೆಯಲ್ಲಿ ಕೂತು ಮೆಲ್ಲಗೆ ಸ್ವರ ಕೊಡುತ್ತಿದ್ದ, ಅದನ್ನು ಹಿಡಿದು ಎತ್ತಿಕೊಳ್ಳಬೇಕು. ಪ್ರೇಮಾವತಿ ಎಂದು ಸ್ಟುಡಿಯೋದವರು ಹೆಸರಿಟ್ಟು ಪೋಸ್ಟರಿನಲ್ಲಿ ಹಾಕುತ್ತಿದ್ದ ಗಾಯಕನಟಿಗೆ ಒಂದು ಕಿವಿಯಿಲ್ಲವೆಂದರೆ ಅವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಾಡಪ್ಪನಿಗೆ ತಿಳಿದದ್ದು ಒಂದು ದಿನ ಮಾತು ತಪ್ಪಿದವಳಿಗೆ ಎಡಗಡೆಯಿಂದ ಪಿಸುಗುಟ್ಟಿದಾಗ. ಅವಳು ಆಲಿಸಲೇ ಇಲ್ಲ. ಆಮೇಲೆ ಬಣ್ಣ ತೆಗೆಯುವಾಗ ಕನ್ನಡಿಯಲ್ಲೇ ಅವನನ್ನು ನೋಡುತ್ತ ಹೇಳಿದಳು: "ಆ ಕಡೆಯಿಂದ ಕರೀಬ್ಯಾಡ್ರಿ ಕಾಡಪ್ಪನವರ. ಆ ಕಡೆ ಮನ್ಯಾಗ ಯಾರೂ ಇಲ್ಲ." ಅಣ್ಣ ಹೋಗಿ ಕಾಡಪ್ಪನವರಾಗಿದ್ದ, ನೀನು ಹೋಗಿ ರೀ ಬಂದಿತ್ತು. ಅಂದಿನಿಂದ ಎಲ್ಲಿ ಕೂತರೂ ಎಲ್ಲಿ ನಿಂತರೂ ಅವಳು ಅವನನ್ನು ತನ್ನ ಎಡಕ್ಕೇ ಇಟ್ಟುಕೊಂಡಳು. ಕ್ಷಮಿಸು ಎಂದು ಅವನು ಎಷ್ಟೋ ಸಲ ಹೇಳಿದ್ದಾನೆ. ಎಲ್ಲವೂ ಯಾರೂ ಇಲ್ಲದ ಮನೆಯ ಬಾಗಿಲಿಗೆ ಹೇಳಿದ್ದೇ ಆಯಿತು.

ಬಣ್ಣದ ಕೋಣೆಯಲ್ಲಿ ಅವಳು ಆಗಲೇ ಬಂದು ಕೂತಿದ್ದಳು. ಕಾಡಪ್ಪ ಕೋಟನ್ನು ಗೂಟಕ್ಕೆ ಹಾಕಿ, ಈವತ್ತು ಹೇಗಾದರೂ ಹೇಳಿಬಿಡಬೇಕೆಂದು ಅವಳ ಬಲಕ್ಕೆ ಹೋಗಿ ನಿಂತ. ಸ್ಟೂಲು ಕಿರ್ ಎಂದು ತಿರುಗಿತು, ಅವನು ಮತ್ತೆ ಎಡಕ್ಕೆ ಬಂದಿದ್ದ. "ನಾಗವ್ವಾ, ಇವತ್ತ ಎಡಗೈಲೆ ಹೊಡಿ ಅಂದಾರ" ಎಂದ. ಅವಳು ಹುಬ್ಬು ತೀಡುತ್ತಿದ್ದಳು. ಹುಬ್ಬು ಸ್ವಲ್ಪವೂ ಅಲುಗಲಿಲ್ಲ. ಇನ್ನೂ ಜೋರಾಗಿ ಹೇಳಬಹುದಿತ್ತು, ಆದರೆ ಕೋಣೆಯ ತುಂಬ ಮಂದಿ, ಕಿವಿಯ ಗುಟ್ಟು ಒಡೆದರೆ ಅವಳ ಅನ್ನಕ್ಕೇ ಕುತ್ತು. ಎದ್ದು ಹೋಗಿಬಿಡಲೇ ಎಂದುಕೊಂಡ. ಈಗಲೇ ಪೇಟಾ ಬಿಚ್ಚಿಟ್ಟು, ಬರುವುದಿಲ್ಲವೆಂದು ಹೇಳಿ ಹೋಗಿಬಿಟ್ಟರೆ? ತಾನು ಹೋದರೆ ಇನ್ನೊಬ್ಬ ಪಾಟೀಲ ಬರುತ್ತಾನೆ. ಅವನಿಗೆ ಎಡಗೈ ಬಲಗೈ ಯಾವ ಲೆಕ್ಕ? ತನ್ನ ಕೈಯಾದರೆ ಕೊನೆಗೆ ತನ್ನ ಮಾತು ಕೇಳೀತು. ಕೇಳೀತೇ? ಹೋದ ಸಲ ಕೇಳಿರಲಿಲ್ಲವಲ್ಲ. ಮೀಸೆ ಅಂಟಿಸುತ್ತಿದ್ದವನು ಅಲುಗಬೇಡವೆಂದು ಗದರಿದ.

ಸ್ಟುಡಿಯೋದ ತಗಡಿನ ಮಾಡಿನ ಕೆಳಗೆ ಪಾಟೀಲನ ಪಡಸಾಲೆ ಕಟ್ಟಿದ್ದರು. ಸದ್ದು ಕುಡಿಯಲೆಂದು ಗೋಡೆಗಳಿಗೆ ಹಳೆಯ ಕೌದಿಗಳನ್ನು ತೂಗುಬಿಟ್ಟಿದ್ದರು. ದೀಪಗಳ ಕಾವಿಗೆ ಆ ಕೌದಿಗಳಿಂದ ಯಾರ್ಯಾರದೋ ಮನೆಯ ಹಾಸಿಗೆಯ ವಾಸನೆ ಬರುತ್ತಿತ್ತು. ಮಾರ್ತಾಂಡರಾಯರು ಬೆತ್ತ ತಿರುಗಿಸುತ್ತ ಬಂದರು. ಬರುತ್ತಲೇ ಒಬ್ಬ ದೀಪದವನಿಗೆ ಬೆತ್ತದ ತುದಿಯಿಂದ ತಿವಿದರು, ದಾಸಿಯ ಪಾತ್ರದ ಇಂದೂ ತಡವಾಗಿ ಬಂದಳೆಂದು ಅವಳ ಕೈಯ ಪೌಡರ್ ಡಬ್ಬಿಯನ್ನು ಕಿತ್ತು ಎಸೆದರು. ಡಬ್ಬಿ ಉರುಳುತ್ತ ಹೋಗಿ ಕಂಬಕ್ಕೆ ಬಡಿದು ನಿಂತಿತು. ಅವರ ಬೈಗುಳ ಅಂದರೆ ಆಶೀರ್ವಾದ ಎನ್ನುವವರು ಸ್ಟುಡಿಯೋದಲ್ಲಿ ಬಹಳ ಜನ. ಕಾಡಪ್ಪನೂ ಹೊಸಬರಿಗೆ ಅದನ್ನೇ ಹೇಳಿ ಸಮಾಧಾನ ಮಾಡಿದ್ದಾನೆ. ತಾಲೀಮಿನಲ್ಲಿ ಎಡಗೈ ಎತ್ತುವಾಗ ಅವನ ಹೆಗಲು ತೊಡಕಾಯಿತು. "ಏನೋ ಕಾನಡ್ಯಾ, ಎಡಗೈ ಬರೇ ತೊಳಕೊಳ್ಳಾಕ ಇಟ್ಟೀಯೇನು?" ಎಂದರು ಮಾರ್ತಾಂಡರಾಯರು. ಕನ್ನಡ ತಿಳಿದವರು ನಕ್ಕರು, ತಿಳಿಯದವರು ಅವರನ್ನು ನೋಡಿ ನಕ್ಕರು. ಕಾಡಪ್ಪನೂ ನಕ್ಕ. ನಗುತ್ತಿದ್ದಾಗ ನಾಗವ್ವ ತನ್ನನ್ನೇ ನೋಡುತ್ತಿರುವುದು ಕಂಡಿತು. ಅವಳು ಅವನ ನಗುವನ್ನು ನೋಡುತ್ತಿದ್ದಳು. ನಗು ಮುಖದ ಮೇಲೆಯೇ ಒಣಗಿತು.

ದೃಶ್ಯವೇನೋ ಸಣ್ಣದು. ಪಾಟೀಲ ತಮ್ಮನ ಹೆಂಡತಿಗೆ ಮನೆ ಬಿಟ್ಟು ಹೋಗೆನ್ನುತ್ತಾನೆ, ಅವಳು ಹೋಗುವುದಿಲ್ಲ, ಹೊಡೆಯುತ್ತಾನೆ. ಅವಳು ಮೊಣಕಾಲೂರಿ ಅತ್ತು, ಆ ಅಳುವಿನಲ್ಲೇ ಹಾಡನ್ನು ಎತ್ತಿಕೊಳ್ಳುತ್ತಾಳೆ. ನಡುವೆ ಕ್ಯಾಮೆರಾ ನಿಲ್ಲಿಸುವಂತಿಲ್ಲ. ಕಾಡಪ್ಪನ ಬೆನ್ನು ಕ್ಯಾಮೆರಾಕ್ಕೆ, ನಾಗವ್ವನ ಮುಖ ಕ್ಯಾಮೆರಾಕ್ಕೆ. ಅವಳ ಬಲಗಡೆಯ ಕಂಬದ ಮರೆಯಲ್ಲಿ ಪೇಟಿಯ ಬಾಳಕೃಷ್ಣ ಚಾಪೆ ಹಾಸಿ ಕೂತಿದ್ದ. ಬಲಗಡೆ ಕೂಡು ಎಂದು ಅವನಿಗೆ ಹೇಳಿದವಳು ನಾಗವ್ವನೇ, ಗಾಳಿ ಆ ಕಡೆಯಿಂದ ಬರತದ ಎಂದು ಏನೋ ನೆಪ ಹೇಳಿ. ಪಂಖಾಗಳು ನಿಂತವು. ಮಾಡಿನ ಮೇಲಿನ ಕಾಗೆಗಳನ್ನು ಓಡಿಸಿ ಬಂದರು. ಗಾಜಿನ ಕೋಣೆಯೊಳಗೆ ಧ್ವನಿಮುದ್ರಣದ ಅವಧೂತ ಎರಡೂ ಕಿವಿಗೆ ಬಟ್ಟಲುಗಳನ್ನು ಹಾಕಿಕೊಂಡು ಕೈಯೆತ್ತಿದ. ಅವನು ಘಂಟೆ ಬಾರಿಸದೆ ಕ್ಯಾಮೆರಾ ತಿರುಗುವಂತಿರಲಿಲ್ಲ, ಬಾರಿಸಿದ ಮೇಲೆ ನಿಲ್ಲಿಸು ಎನ್ನುವವರೆಗೆ ಯಾರೂ ಕೆಮ್ಮುವಂತೆಯೂ ಇರಲಿಲ್ಲ. ಮಾರ್ತಾಂಡರಾಯರು ಕ್ಯಾಮೆರಾದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊರಳಿ ನೋಡಿದ ಕಾಡಪ್ಪನಿಗೆ ಮಾತ್ರ ಕಾಣುವಂತೆ ತಮ್ಮ ಕಿವಿಯನ್ನು ಮುಟ್ಟಿ ತೋರಿಸಿದರು. ಘಂಟೆಯಾಯಿತು.

ಪಾಟೀಲನ ಮರಾಠಿ ಮಾತುಗಳು ಅವನ ಬಾಯಿಂದ ತಾವೇ ಬಂದವು. ನಾಗವ್ವ ಹೋಗುವುದಿಲ್ಲವೆಂದಳು. ಕಾಡಪ್ಪನ ಎಡಗೈ ಮೇಲೆ ಹೋಯಿತು. ದೀಪದ ಬೆಳಕು ಅಂಗೈಗೆ ಬಿಸಿಯಾಗಿ ತಾಗಿತು. ಅವನು ಹೆಬ್ಬೆರಳನ್ನು ಮಡಚಿದ. ಅದು ತಾನಾಗಿ ಮಡಚಲಿಲ್ಲ, ಅವನೇ ಮಡಚಿದ, ಮುಳ್ಳು ಕೀಳುವವನಷ್ಟು ಗಮನವಿಟ್ಟು. ನಾಗವ್ವನ ಕಣ್ಣು ಹೆಬ್ಬೆರಳ ಮೇಲೆ ಬಂದು ನಿಂತಿತು. ಅದು ಅಲ್ಲಿಂದ ಅವನ ಮುಖಕ್ಕೆ ಇಳಿಯಿತು, ಮತ್ತೆ ಹೆಬ್ಬೆರಳಿಗೆ ಏರಿತು. ಇದೇ ಹೆಬ್ಬೆರಳು ಅವಳಿಗೆ ಸುಳ್ಳು ಹೇಳಿತ್ತು. ಈಗ ನಂಬೆಂದು ಯಾವ ಬಾಯಿಂದ ಹೇಳುವುದು? ಬಾಯಿಯೇ ತೆರೆಯುವಂತಿಲ್ಲ. ಅವಳು ನಂಬದೆ ಕೈಬಾರಿಸದಿದ್ದರೆ ಹೊಡೆತ ಮೂಕಾಗುತ್ತದೆ, ಸುಳ್ಳು ಬಯಲಾಗುತ್ತದೆ, ಮಾರ್ತಾಂಡರಾಯರು ಎದ್ದು ಬಂದು ತಾವೇ ಹೊಡೆದು ತೋರಿಸುತ್ತಾರೆ, ಹಾಗೆ ತೋರಿಸಿದ್ದೂ ಉಂಟು. ಅವಳು ಹೆದರಿ ಹಿಂದೆ ಸರಿದರೂ ಅಷ್ಟೇ. ಪೊರಕೆಯ ಮುದುಕಿ, ಚುರುಮುರಿಯ ಪುಡಿಕೆ, ಕನ್ನಡಿಯಲ್ಲಿ ಕಂಡ ಅವಳ ಮುಖ, ಎಲ್ಲ ಒಮ್ಮೆಲೇ ಬಂದು ಹೋದವು. ಬೇಡವ್ವಾ, ನನ್ನನ್ನು ನಂಬಬೇಡ, ಈ ಬೆರಳನ್ನು ನಂಬು ಎಂದುಕೊಂಡ. ಅವಳ ಕಣ್ಣಿನಲ್ಲಿ ಏನಿತ್ತೋ ತಿಳಿಯಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಒಮ್ಮೆ ಅರಳಿ ಸುಮ್ಮನಾಯಿತು. ಕಂಪನಿಯಲ್ಲಿ ಪರದೆ ಏಳುವ ಮುಂಚೆ ಅವಳು ಹಾಗೆ ಉಸಿರೆಳೆದುಕೊಳ್ಳುತ್ತಿದ್ದಳು.

ಕೈ ಬೀಸಿದ. ಪಟ್ಟೆಂದು ಸದ್ದಾಯಿತು. ಇಡೀ ತಗಡಿನ ಮಾಡು ಕೇಳುವಂಥ ಸದ್ದು, ಅವಳ ಎರಡೂ ಅಂಗೈಯಿಂದ, ಸೊಂಟದ ಹತ್ತಿರ, ಅವನ ಅಗಲ ಬೆನ್ನಿನ ಮರೆಯಲ್ಲಿ. ಅವಳ ಮುಖ ಅತ್ತ ತಿರುಗಿತು, ಕೂದಲು ಬಿಚ್ಚಿತು, ಮೊಣಕಾಲು ನೆಲಕ್ಕೆ ಬಿತ್ತು. ಕಿವಿಯ ಬುಗುಡಿಯ ತಂಪೂ ಅವನ ಬೆರಳಿಗೆ ತಾಗಿರಲಿಲ್ಲ. ಅವಳು ಅತ್ತಳು. ಅದು ನಾಟಕದ ಅಳುವೋ, ಇಷ್ಟು ದಿನ ಹಿಡಿದಿಟ್ಟದ್ದೋ, ಅವನಿಗೆ ಬೇಕಾಗಿರಲಿಲ್ಲ. ಕಂಬದ ಮರೆಯಿಂದ ಪೇಟಿ ಒಂದು ಸ್ವರವನ್ನು ಮೆಲ್ಲಗೆ, ತೀರ ಮೆಲ್ಲಗೆ ಬಿಟ್ಟಿತು. ಅವಳು ತಲೆಯನ್ನು ಕೊಂಚವೇ ಬಲಕ್ಕೆ ವಾಲಿಸಿ ಅದನ್ನು ಹಿಡಿದಳು. ಹಾಡು ಎದ್ದಿತು. ಒಡೆದ ಗಂಟಲಿನಿಂದ ಎದ್ದ ಹಾಡು ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ನೇರವಾಗಿ ಮೇಲೆ ಹೋಯಿತು. ಕಲ್ಲೆದೆಯ ಪಾಟೀಲನಿಗೆ ಅಲ್ಲಿ ಅಳುವ ಪಾತ್ರವಿಲ್ಲ. ಆದರೆ ಅವನ ಮುಖ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲವಲ್ಲ, ಕಾಡಪ್ಪ ಮನಸಾರೆ ಅತ್ತ. ಅಂಟಿಸಿದ ಮೀಸೆಯ ಒಂದು ತುದಿ ಬಿಟ್ಟುಕೊಂಡು ಬಾಯಿಗೆ ಬಂತು.

ನಿಲ್ಲಿಸಿ ಎಂದಾಗ ಮಾರ್ತಾಂಡರಾಯರ ಸ್ವರವೂ ನೆಟ್ಟಗಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದರು. ಕ್ಯಾಮೆರಾದ ಬುಡದಲ್ಲಿ ಕೂತವರಿಗೆ ಕ್ಯಾಮೆರಾ ಕಂಡಷ್ಟೇ ಕಂಡಿರುತ್ತದೆ. ಪಕ್ಕದಲ್ಲಿದ್ದ ದೀಪದವರಿಗೆ, ಇಂದೂಗೆ, ಬಾಳಕೃಷ್ಣನಿಗೆ ಅಂಗೈ ಬಾರಿಸಿದ್ದು ನಿಚ್ಚಳವಾಗಿ ಕಂಡಿತ್ತು. ಅವರೆಲ್ಲ ನಗು ಬಾರದಿರಲೆಂದು ಮುಖ ಗಂಟುಹಾಕಿಕೊಂಡು ನೆಲ ನೋಡುತ್ತಿದ್ದರು. "ನೋಡಿದಿರಾ? ಖರೇ ಹೊಡೆತ ಅಂದ್ರ ಇದು. ನಾಟಕದವರು ಸಾವಿರ ವರ್ಷ ಕುಣದರೂ ಈ ಕಣ್ಣೀರು ಬರೂದಿಲ್ಲ" ಎಂದು ಮಾರ್ತಾಂಡರಾಯರು ಮೊದಲು ಮರಾಠಿಯಲ್ಲಿ, ಸಂತೋಷ ಹೆಚ್ಚಾಗಿ ಕನ್ನಡದಲ್ಲೂ ಹೇಳಿದರು. ಎಲ್ಲರ ಮುಂದೆ ಬೈಗುಳವಿಲ್ಲದ ಕನ್ನಡ ಅವರ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಬೆರಳಿನ ಗುರುತು ಎಲ್ಲರೂ ನೋಡಲೆಂದು ನಾಗವ್ವನ ಗದ್ದ ಹಿಡಿದು ಬಲಗೆನ್ನೆಯನ್ನು ದೀಪದ ಕಡೆ ತಿರುಗಿಸಿದರು. ಪೌಡರು ಬಳಿದ ಕೆನ್ನೆ ಬೆಳಿಗ್ಗೆ ಬಳಿದಾಗ ಹೇಗಿತ್ತೋ ಹಾಗೇ ಇತ್ತು. ಕಣ್ಣೀರಿನ ದಾರಿಯೊಂದನ್ನು ಬಿಟ್ಟರೆ ಒಂದು ಗೀರಿರಲಿಲ್ಲ. ಅವರು ಎಡಗೆನ್ನೆಯನ್ನೂ ತಿರುಗಿಸಿ ನೋಡಿದರು, ಪಾಪ. ಕಂಬದ ಮರೆಯಲ್ಲಿ ಬಾಳಕೃಷ್ಣನ ಮೂಗಿನಿಂದ ಫುರ್ರೆಂದು ಒಂದು ಸದ್ದು ಬಂತು, ಅವನು ಅದನ್ನು ಕೆಮ್ಮು ಮಾಡಲು ನೋಡಿದ, ಆಗಲಿಲ್ಲ.

ಮಾರ್ತಾಂಡರಾಯರಿಗೆ ತಿಳಿಯಿತು. ತಾವು ಕಣ್ಣೀರಿಟ್ಟದ್ದು ಯಾವುದಕ್ಕೆಂದು ತಿಳಿದಾಗ ಅವರ ಮುಖ ಕರ್ರಗಾಯಿತು. ನಾಗವ್ವನ ಗದ್ದ ಬಿಟ್ಟು ಕಾಡಪ್ಪನ ಕಡೆ ತಿರುಗಿ ಕೈಯೆತ್ತಿದರು. ಎಷ್ಟೋ ನಟರ ಮೇಲೆ ಎದ್ದ ಕೈ, ಉಂಗುರವಿದ್ದ ಕೈ. ಕಾಡಪ್ಪನಿಗೆ ಆ ಗಳಿಗೆಯಲ್ಲಿ ಭಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅವನಿಗೆ ಕಂಡದ್ದು ಅವರ ಹೆಬ್ಬೆರಳು. ಅದು ಮಡಚದೆ ಅಡ್ಡಕ್ಕೆ ಸೆಟೆದು ನಿಂತಿತ್ತು.

"ಸಾಹೇಬ್ರ, ಹೆಬ್ಬೆರಳು ಮಡಚ್ರಿ" ಎಂದ.

ಹೊಸದಾಗಿ ಸೇರಿದ ನಟನಿಗೆ ಪಾಠ ಹೇಳುವ ಸ್ವರದಲ್ಲೇ ಹೇಳಿದ. ಮೊದಲು ನಕ್ಕವಳು ಇಂದೂ. ಅವಳಿಗೆ ಕನ್ನಡ ಬಾರದು, ಆದರೆ ಆ ಹೆಬ್ಬೆರಳು ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಬಾಳಕೃಷ್ಣ, ಆಮೇಲೆ ಬೆತ್ತದ ತಿವಿತ ತಿಂದ ದೀಪದವನು, ಆಮೇಲೆ ಮಾಡಿನ ತುಂಬ. ಬೆಳಿಗ್ಗೆ ಕಾಡಪ್ಪನನ್ನು ನೋಡಿ ನಕ್ಕವರೇ ಅವರು, ಅದನ್ನವನು ಮರೆತಿರಲಿಲ್ಲ. ಆದರೂ ಆ ನಗು ಅವನಿಗೆ ಸ್ನಾನದ ಬಿಸಿನೀರಿನಷ್ಟು ಹಿತವಾಯಿತು. ಮಾರ್ತಾಂಡರಾಯರ ಕೈ ಮೇಲೆಯೇ ಉಳಿಯಿತು. ಹೊಡೆಯುವಂತಿಲ್ಲ, ಇಳಿಸುವಂತಿಲ್ಲ. ಕೊನೆಗೆ ಅದು ಅವರದೇ ಟೊಪ್ಪಿಗೆ ಸರಿಮಾಡುವ ನೆಪದಲ್ಲಿ ಕೆಳಗೆ ಬಂತು.

"ಇನ್ನೊಮ್ಮೆ ತಗೀರಿ" ಎಂದು ಕೂಗಿದರು. "ಈ ಸಲ ಖರೇನ ಹೊಡೀಬೇಕು. ಇಲ್ಲಾಂದ್ರ ಇಬ್ಬರೂ ಗಂಟುಮೂಟೆ ಕಟ್ರಿ."

ಕಾಡಪ್ಪ ಬಾಯಿ ತೆರೆಯುವಷ್ಟರಲ್ಲಿ ನಾಗವ್ವ ಎದ್ದು ನಿಂತಿದ್ದಳು. ಬಿಚ್ಚಿದ ಕೂದಲನ್ನು ತುರುಬು ಕಟ್ಟುತ್ತಲೇ ಮಾತಾಡಿದಳು. ಅವಳ ಮರಾಠಿ ಕನ್ನಡದ ಎಳೆತವಿದ್ದ ಮರಾಠಿ, ಅದಕ್ಕಾಗಿ ಅವರಿಂದ ದಿನಾ ಅನ್ನಿಸಿಕೊಳ್ಳುತ್ತಿದ್ದಳು. ಈವತ್ತು ಅವಳು ಕನ್ನಡದಲ್ಲೇ ಹೇಳಿದಳು. "ನನ್ನ ಎಡಗಿವಿ ಕೇಳಸೂದಿಲ್ರಿ ಸಾಹೇಬ್ರ. ಹೋದ ಪಿಚ್ಚರಿನ್ಯಾಗ ನೀವು ಹೊಡಸಿದ್ರಿ ನೋಡ್ರಿ, ಅವತ್ತ ಹೋತು. ಇಷ್ಟು ದಿನ ಹಾಡಿದ್ದೆಲ್ಲಾ ಈ ಒಂದು ಕಿವಿಲೆ. ಈಗ ಹಾಡಿದ್ದೂ ಇದರಲೆ. ಇದನ್ನ ನಾ ಕೊಡೂದಿಲ್ಲ. ತಗಿಯೂದಿದ್ರ ನನ್ನ ಕೆಲಸಾ ತಗೀರಿ."

ಅವಳು ಹೇಳಿದ್ದನ್ನು ಯಾರೋ ಪಿಸುಮಾತಿನಲ್ಲಿ ಮರಾಠಿಗೆ ತಿರುಗಿಸಿದರು. ಅದು ಒಬ್ಬರಿಂದೊಬ್ಬರಿಗೆ ದಾಟುತ್ತ ಹೋದ ಹಾಗೆ ನಗು ಅಡಗಿತು. ಗಾಜಿನ ಕೋಣೆಯ ಬಾಗಿಲು ತೆರೆದು ಅವಧೂತ ಹೊರಗೆ ಬಂದ. ಅವನು ಬೆಳಗಿನಿಂದ ಸಂಜೆಯವರೆಗೆ ಆ ಗಾಜಿನೊಳಗೇ ಇರುವವನು, ಅವನ ಸ್ವರ ಹೇಗಿದೆಯೆಂದೇ ಕೆಲವರಿಗೆ ಗೊತ್ತಿರಲಿಲ್ಲ. ಕಿವಿಯ ಬಟ್ಟಲುಗಳು ಕೊರಳಲ್ಲಿ ತೂಗುತ್ತಿದ್ದವು. "ಇನ್ನೊಮ್ಮೆ ಯಾಕೆ? ನನ್ನ ಧ್ವನಿ ಚೊಕ್ಕಾಗಿದೆ. ಹಾಡಿನಲ್ಲಿ ಒಂದು ಸ್ವರ ಆಚೀಚೆ ಆಗಿಲ್ಲ. ಆ ಹೊಡೆತಕ್ಕೆ ನಾನೇ ಬೆಚ್ಚಿಬಿದ್ದೆ" ಎಂದ ಮರಾಠಿಯಲ್ಲಿ. ಆಮೇಲೆ, ಕಾಗದದ ಮೇಲೆ ಸಹಿ ಮಾಡುವವನ ಹಾಗೆ ನಿಧಾನವಾಗಿ, "ಇದಕ್ಕೆ ಇನ್ನೊಂದು ಸಲ ನಾನು ಘಂಟೆ ಬಾರಿಸುವುದಿಲ್ಲ" ಎಂದ.

ಮಾರ್ತಾಂಡರಾಯರು ಕ್ಯಾಮೆರಾದವನನ್ನು ನೋಡಿದರು, ಅವನು ಆಗಲೇ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚುತ್ತಿದ್ದ. ದೀಪದವರನ್ನು ನೋಡಿದರು. ತಿವಿಸಿಕೊಂಡವನು ಯಾರನ್ನೂ ಕೇಳದೆ ತನ್ನ ದೀಪ ಆರಿಸಿದ, ಮಗ್ಗುಲಿನವನೂ ಆರಿಸಿದ. ಕತ್ತಲೆ ಒಂದೊಂದು ಮೂಲೆಯಿಂದ ಪಡಸಾಲೆಯೊಳಗೆ ಬಂತು. ಕಾಡಪ್ಪ ಅವರನ್ನೇ ನೋಡುತ್ತಿದ್ದ. ಬೆಳಕಿಲ್ಲದಾಗ ಅವರು ಕುಳ್ಳಗೆ, ನೆಗಡಿಯಾದ ಯಾರೋ ಗೃಹಸ್ಥರ ಹಾಗೆ ಕಂಡರು. ಇವರಿಗೋ ನಾನು ಇಷ್ಟು ಹೆದರಿದ್ದು ಎಂದುಕೊಂಡ. ಅವರು ಕ್ಯಾಮೆರಾದವನಿಗೆ, ಯಾರಿಗೂ ಕೇಳದಿರಲಿ ಎಂಬಷ್ಟು ಸಣ್ಣ ಸ್ವರದಲ್ಲಿ, "ಇದನ್ನೇ ಇಟ್ಟುಕೊಳ್ಳಿ" ಎಂದರು. ಕೌದಿ ತೂಗುಹಾಕಿದ ಆ ಮಾಡಿನಲ್ಲಿ ಎಲ್ಲರಿಗೂ ಕೇಳಿಸಿತು. ಬೆತ್ತ ಅಲ್ಲೇ ಬಿಟ್ಟು ಹೋದರು. ಆಗಲೇ ಖಡಕಿಯ ಕಾರ್ಖಾನೆಯ ಮಧ್ಯಾಹ್ನದ ಭೋಂಗಾ ದೂರದಿಂದ ಕೂಗಿತು. ಅದು ಕೂಗಿದಾಗ ಚಿತ್ರೀಕರಣ ನಿಲ್ಲಿಸಿ ಶಪಿಸುವುದು ಅವಧೂತನ ರೂಢಿ, ಈವತ್ತು ಅವನು ಅದರ ಜೊತೆಗೇ ಸಿಳ್ಳೆ ಹಾಕಿದ.

ನಾಳೆ ಏನಾದೀತೋ. ಸ್ಟುಡಿಯೋದ ಮಾಲೀಕರಿಗೆ ದೂರು ಹೋಗಬಹುದು, ಕೆಲಸದಿಂದ ತೆಗೆದ ಕಾಗದ ಬರಬಹುದು. ಆದರೆ ಅವಳ ಹಾಡು ಡಬ್ಬಿಯೊಳಗಿತ್ತು, ಕಿವಿ ಅವಳ ಹತ್ತಿರವೇ ಇತ್ತು, ಮತ್ತು ನಾಳೆ ಅವರು ಕೈಯೆತ್ತಿದರೆ ಇಡೀ ಸ್ಟುಡಿಯೋ ಹೆಬ್ಬೆರಳನ್ನೇ ನೋಡುತ್ತದೆ. ಕಾಡಪ್ಪ ಹೊರಗೆ ಬೇವಿನ ಮರದ ಕೆಳಗೆ ಬಂದು ಮೀಸೆ ಕಿತ್ತು ನೆರಳಿನಲ್ಲಿ ಕೂತ. ಹೊಟ್ಟೆ ಭಯಂಕರ ಹಸಿದಿತ್ತು. ಕೋಟು ಗೂಟದಲ್ಲೇ ಉಳಿಯಿತೆಂದು ನೆನಪಾಯಿತು. ಉಳಿಯಲಿ, ಭೀಮವ್ವನಿಗೆ ಈವತ್ತು ಎಲ್ಲ ಹೇಳಿಬಿಡಬೇಕು, ಬೈಯಲಿ, ಅವಳ ಬೈಗುಳ ತಿಂದು ಅರಗಿಸಿಕೊಳ್ಳಬಹುದು. ನಾಗವ್ವ ಬುತ್ತಿಯ ಡಬ್ಬಿ ಹಿಡಿದು ಬಂದಳು. ಬಣ್ಣ ತೊಳೆದಿದ್ದಳು, ಅಂಗೈಗಳು ಇನ್ನೂ ಕೆಂಪಗಿದ್ದವು. ಅವಳು ಕಟ್ಟೆಯ ಮೇಲೆ ಕೂತಳು. ಕಾಡಪ್ಪ ಎದ್ದು, ರೂಢಿಯಂತೆ, ಅವಳ ಎಡಕ್ಕೆ ಹೋಗಿ ಕೂತುಕೊಂಡ. ಏನೋ ಹೇಳಬೇಕೆಂದು ಬಾಯಿ ತೆರೆದ. ಅದೇ ಹಳೆಯ ಮಾತು. ಅದನ್ನು ಬಿಟ್ಟು ಅವನಿಗೆ ಬೇರೆ ಮಾತೇ ಇರಲಿಲ್ಲ.

ನಾಗವ್ವ ಡಬ್ಬಿಯ ಮುಚ್ಚಳ ತೆಗೆದು ಅವನಿಗೆಂದು ಒಂದು ರೊಟ್ಟಿ ಎತ್ತಿಟ್ಟಳು. ಆಮೇಲೆ ತನ್ನ ಬಲಗಡೆಯ ಕಟ್ಟೆಯನ್ನು ಸೆರಗಿನಿಂದ ಒರೆಸಿದಳು.

"ಆ ಕಡೆ ಕೂತು ಏನ ಮಾತಾಡ್ತಿ ಅಣ್ಣಾ" ಎಂದಳು.

"ಈ ಕಡೆ ಬಾ. ಮನ್ಯಾಗ ನಾ ಅದೀನಿ."